ಉಪನ್ಯಾಸ ಕಡತಗಳಲ್ಲಿ ಹುದುಗಿರುವ ಧ್ವನಿಚಿತ್ರಗಳ ಶೋಧನೆ

ಕೆಲವು ವರ್ಷಗಳ ಹಿಂದೆ ನಮ್ಮ ವಿಭಾಗದ ಕಪಾಟೊಂದನ್ನು ತೆರವು ಮಾಡುವಾಗ, ನಿವೃತ್ತರಾದ ಅಧ್ಯಾಪಕರೊಬ್ಬರು ಬಿಟ್ಟುಹೋಗಿದ್ದ ಹಲವು ಸಿ.ಡಿ.ಗಳು ದೊರೆತವು. ಅವುಗಳಲ್ಲಿ ಅವರು ಪವರ್‌ಪಾಯಿಂಟಿನಲ್ಲಿ ಸಿದ್ಧಪಡಿಸಿದ್ದ ಉಪನ್ಯಾಸಗಳಿದ್ದವು. ಕೆರೆಗಳ ನಿರ್ವಹಣೆಯನ್ನು ಕುರಿತು ಹಳ್ಳಿಯ ಹಿರಿಯರು ಆಡಿದ ಮಾತುಗಳನ್ನು ಅವರು ಧ್ವನಿಮುದ್ರಿಸಿಕೊಂಡು ಆಯಾ ಸ್ಲೈಡುಗಳಲ್ಲಿ ಸೇರಿಸಿದ್ದರೆಂದು ನಾವು ಕೇಳಿದ್ದೆವು. ಸ್ಲೈಡಿನ ಮೇಲೆ ಧ್ವನಿವರ್ಧಕದ ಪುಟ್ಟ ಚಿತ್ರವೇನೋ ಇತ್ತು, ಒತ್ತಿದರೆ ಸದ್ದಿಲ್ಲ. ಮಾತನಾಡಿದವರಲ್ಲಿ ಬಹುಮಂದಿ ಈಗ ಇಲ್ಲ. ಹೀಗಿರುವಲ್ಲಿ, ಆ ಧ್ವನಿಯು ಕಡತದೊಳಗೆ ಇದ್ದೂ ಹೊರಬರುತ್ತಿಲ್ಲವೋ, ಅಥವಾ ಅದು ಅಲ್ಲಿ ಎಂದೂ ಇರಲೇ ಇಲ್ಲವೋ ಎಂಬುದನ್ನು ನಿರ್ಣಯಿಸುವುದು ನಮಗೆ ಅಗತ್ಯವಾಯಿತು. ಆ ನಿರ್ಣಯದ ಕ್ರಮವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಒಂದು ದಾಖಲೆಯೊಳಗೆ ಬೇರೊಂದು ಜಾತಿಯ ವಸ್ತುವನ್ನು ಇರಿಸುವ ವಿಧಾನವನ್ನು ಮೈಕ್ರೋಸಾಫ್ಟ್ ಸಂಸ್ಥೆಯು 1990ರಲ್ಲಿ ಓ.ಎಲ್.ಇ. ಎಂಬ ಹೆಸರಿನಿಂದ ಬಳಕೆಗೆ ತಂದಿತು. ಅದರ ಎರಡನೆಯ ಆವೃತ್ತಿಯು 1993ರಲ್ಲಿ ಬಂದಿತು. ಈ ಹೆಸರಿನ ಪೂರ್ಣರೂಪವು ವಸ್ತುಗಳನ್ನು 'ಜೋಡಿಸುವುದು ಮತ್ತು ಹುದುಗಿಸುವುದು' ಎಂಬ ಅರ್ಥವನ್ನು ಕೊಡುತ್ತದೆ. ಇವೆರಡೂ ಭಿನ್ನ ಕ್ರಿಯೆಗಳೆಂಬುದನ್ನು ಮರೆಯಲಾಗದು. ಹುದುಗಿಸಿದ ವಸ್ತುವು ಕಡತದ ಅಂಗವೇ ಆಗುತ್ತದೆ. ಜೋಡಿಸಿದ ವಸ್ತುವಾದರೋ ಹೊರಗೇ ಉಳಿಯುತ್ತದೆ. ಕಡತದಲ್ಲಿ ಅದರ ವಿಳಾಸ ಮಾತ್ರ ಬರೆದಿರುತ್ತದೆ. ತೆರೆಯ ಮೇಲೆ ನೋಡುವವನಿಗೆ ಇವೆರಡೂ ಒಂದೇ ಬಗೆಯಾಗಿ ತೋರುವುದರಿಂದ, ಕಡತವನ್ನು ನಕಲು ಮಾಡಿ ಸಿ.ಡಿ.ಗೆ ಹಾಕಿದವರು ಧ್ವನಿಯನ್ನೂ ಸೇರಿಸಿಯೇ ಹಾಕಿದೆವೆಂದು ಭಾವಿಸುವುದು ಸಹಜ.

ಪವರ್‌ಪಾಯಿಂಟಿನ 97ರಿಂದ 2003ರವರೆಗಿನ ಆವೃತ್ತಿಗಳಲ್ಲಿ ಒಂದು ನಿಯಮವಿತ್ತು: ಬಳಸುವವನು ಬದಲಾಯಿಸದ ಹೊರತು, 100 ಕಿಲೋಬೈಟಿಗಿಂತ ದೊಡ್ಡದಾದ ಧ್ವನಿಯನ್ನು ಹುದುಗಿಸದೆ ಜೋಡಿಸಲಾಗುತ್ತಿತ್ತು. ಚಿಕ್ಕದಾದರೂ ವೇವ್ ಜಾತಿಯ ಧ್ವನಿಗೆ ಮಾತ್ರವೇ ಒಳಗೆ ಪ್ರವೇಶ. 100 ಕಿಲೋಬೈಟೆಂದರೆ ಎಷ್ಟು? ಸಂಗೀತದ ಸಿ.ಡಿ.ಯ ಗುಣಮಟ್ಟದಲ್ಲಿ ಒಂದು ಸೆಕೆಂಡಿಗೆ 1,76,400 ಬೈಟುಗಳು ಬೇಕಾಗುತ್ತವೆಯಾದ್ದರಿಂದ, ಅದು ಅರ್ಧ ಸೆಕೆಂಡಿಗಿಂತ ತುಸು ಹೆಚ್ಚಿನ ಧ್ವನಿ. ಒಬ್ಬ ಹಿರಿಯರು ತಮ್ಮ ಹೆಸರನ್ನು ಹೇಳಿ ಮುಗಿಸುವಷ್ಟರಲ್ಲಿಯೇ ಈ ಮಿತಿ ಮೀರಿಹೋಗುತ್ತದೆ. ವೀಡಿಯೋಗಳನ್ನಂತೂ 2010ರ ಆವೃತ್ತಿಗೆ ಮೊದಲು ಜೋಡಿಸುವುದೇ ರೂಢಿ. ಆದಕಾರಣ ಆ ಕಾಲದ ಕಡತಗಳಲ್ಲಿ ದೀರ್ಘ ಮಾತುಕತೆಯೊಂದು ಒಳಗೇ ದೊರೆತೀತೆಂದು ಆಶಿಸುವುದು ಕಷ್ಟ.

ಫ್ಲಾಶ್ ಚಲನಚಿತ್ರಗಳ ಪಾಡು ಇನ್ನೂ ಜಟಿಲವಾದುದು. ಇವುಗಳನ್ನು ಸ್ಲೈಡಿನಲ್ಲಿ ಆಕ್ಟಿವ್‌ಎಕ್ಸ್ ನಿಯಂತ್ರಕದ ರೂಪದಲ್ಲಿ ಇರಿಸುತ್ತಿದ್ದರು. ಆ ನಿಯಂತ್ರಕದಲ್ಲಿ 'ಮೂವಿ' ಎಂಬ ಸ್ಥಾನದಲ್ಲಿ ವಿಳಾಸವನ್ನೂ, 'ಎಂಬೆಡ್‌ಮೂವಿ' ಎಂಬ ಸ್ಥಾನದಲ್ಲಿ ಹೌದು-ಅಲ್ಲವನ್ನೂ ನಮೂದಿಸಬೇಕಾಗಿತ್ತು. ಏನೂ ಮಾಡದೆ ಬಿಟ್ಟರೆ ಎರಡನೆಯದು 'ಅಲ್ಲ' ಎಂದೇ ಇರುತ್ತಿತ್ತು. ಅಡೋಬಿ ಸಂಸ್ಥೆಯು 2020ರ ಡಿಸೆಂಬರ್ 31ರಂದು ಫ್ಲಾಶ್‌ಗೆ ಬೆಂಬಲವನ್ನು ನಿಲ್ಲಿಸಿ, 2021ರ ಜನವರಿ 12ರಿಂದ ಅದು ಓಡದಂತೆ ತಡೆಯಿತು. ಅಂದಿನಿಂದ ಒಳಗಿರುವ ಚಿತ್ರವೂ, ಒಳಗಿಲ್ಲದ ಚಿತ್ರವೂ ಸಮಾನವಾಗಿ ಬರಿದಾದ ಚೌಕವಾಗಿಯೇ ಕಾಣುತ್ತವೆ.

ನೂರಾರು ಸ್ಲೈಡುಗಳನ್ನು ಒಂದೊಂದಾಗಿ ಒತ್ತಿ ಪರೀಕ್ಷಿಸುವುದು ವ್ಯರ್ಥ ಶ್ರಮ. ಆದುದರಿಂದ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿಯೇ ಓಡುವ ಚಿಕ್ಕ ಸ್ಕ್ರಿಪ್ಟಿಗೆ ಈ ಕೆಲಸವನ್ನು ಒಪ್ಪಿಸುವುದು ಯುಕ್ತ. ಇದರಲ್ಲಿಯೂ ಎರಡು ಮಾರ್ಗಗಳಿವೆ. 1999ರಿಂದ ಪ್ರಚಾರದಲ್ಲಿರುವ ಆಟೋಇಟ್ ಮುಂತಾದ ಸಾಧನಗಳು ಮನುಷ್ಯನ ಬೆರಳಿನಂತೆ ಕಿಟಕಿಯನ್ನು ಹುಡುಕಿ ಗುಂಡಿಯನ್ನು ಒತ್ತಬಲ್ಲವು. ಆದರೆ ಹುದುಗಿದ ಚಿತ್ರವು ಅಂಥ ಬೆರಳಿಗೆ ಒಂದು ಮುಚ್ಚಿದ ಪೆಟ್ಟಿಗೆಯಷ್ಟೇ. ಒಳಗಿನ ಗುಂಡಿಗಳು ಅದಕ್ಕೆ ತಿಳಿಯವು. ತೆರೆಯ ಮೇಲಿನ ಬಣ್ಣಬಿಂದುಗಳನ್ನು ಹೋಲಿಸಿ ಊಹಿಸಬೇಕಾಗುತ್ತದೆ, ಮತ್ತು ಆ ಊಹೆಯು ತೆರೆಯ ಅಳತೆ ಬದಲಾದೊಡನೆ ಕೆಡುತ್ತದೆ. ಎರಡನೆಯ ಮಾರ್ಗವು ಪವರ್‌ಪಾಯಿಂಟನ್ನೇ ಪ್ರಶ್ನಿಸುವುದು. ನಾವು ಅನುಸರಿಸಿದುದು ಇದನ್ನೇ.

ಸ್ಕ್ರಿಪ್ಟು ಮೂಲಕಡತದ ನಕಲನ್ನು, ಓದಲು ಮಾತ್ರ ಅನುಮತಿಯಿಟ್ಟು ತೆರೆಯುತ್ತದೆ. ಪ್ರತಿ ಸ್ಲೈಡಿನ ಪ್ರತಿ ಆಕೃತಿಯ ಜಾತಿಯನ್ನು ಕೇಳುತ್ತದೆ. ಉತ್ತರವು ಸಂಖ್ಯೆಯ ರೂಪದಲ್ಲಿರುತ್ತದೆ: 16 ಎಂದರೆ ಧ್ವನಿ ಅಥವಾ ವೀಡಿಯೋ, 12 ಎಂದರೆ ನಿಯಂತ್ರಕ, 7 ಎಂದರೆ ಹುದುಗಿಸಿದ ಓ.ಎಲ್.ಇ. ವಸ್ತು, 10 ಎಂದರೆ ಜೋಡಿಸಿದ ಓ.ಎಲ್.ಇ. ವಸ್ತು. ನಮ್ಮ ಮೊದಲ ಪ್ರಯತ್ನವು ಇಷ್ಟಕ್ಕೇ ನಿಂತು, ಕಣ್ಣಿಗೆ ಕಾಣುತ್ತಿದ್ದ ಎಷ್ಟೋ ಚಿಹ್ನೆಗಳನ್ನು ಪಟ್ಟಿಯಿಂದ ಕೈಬಿಟ್ಟಿತು. ಕಾರಣವನ್ನು ಹುಡುಕಲು ಎರಡು ದಿನ ಹಿಡಿಯಿತು. ಹಲವು ಆಕೃತಿಗಳನ್ನು ಕಟ್ಟಿ ಒಂದು ಗುಂಪು ಮಾಡಿದ್ದರೆ ಉತ್ತರವು 6 ಎಂದು ಮಾತ್ರ ಬರುತ್ತದೆ; ಗುಂಪಿನೊಳಗೆ ಇಳಿದು ಮತ್ತೆ ಕೇಳಬೇಕು. ಸ್ಲೈಡಿನ ಸಿದ್ಧ ಚೌಕಟ್ಟಿನಲ್ಲಿ ವೀಡಿಯೋ ಇರಿಸಿದ್ದರೆ ಉತ್ತರ 14. ಚೌಕಟ್ಟಿನಲ್ಲಿ ಏನಿದೆ ಎಂಬುದು ಬೇರೊಂದು ಪ್ರಶ್ನೆ. ಎಲ್ಲ ಸ್ಲೈಡುಗಳಿಗೂ ಆಧಾರವಾದ ಮಾಸ್ಟರ್ ಸ್ಲೈಡಿನಲ್ಲಿ ಇರುವ ಧ್ವನಿಯನ್ನಂತೂ ಯಾರೂ ನೆನೆಯುವುದಿಲ್ಲ.

ವಸ್ತುವು ಇದೆ ಎಂದು ತಿಳಿದ ಮೇಲೆ ಮುಖ್ಯ ಪ್ರಶ್ನೆಯನ್ನು ಕೇಳಬೇಕು: ಒಳಗೋ, ಹೊರಗೋ? 2010 ಮತ್ತು ಅನಂತರದ ಆವೃತ್ತಿಗಳಲ್ಲಿ ಧ್ವನಿ ಮತ್ತು ವೀಡಿಯೋಗಳ ಮಟ್ಟಿಗೆ ಇದಕ್ಕೆ ನೇರವಾದ ಉತ್ತರ ದೊರೆಯುತ್ತದೆ. ಹೊರಗಿರುವುದಾದರೆ ಅದರ ಪೂರ್ಣ ವಿಳಾಸವನ್ನೂ ಪಡೆದು ಪಟ್ಟಿಯಲ್ಲಿ ಬರೆದಿಡಬೇಕು.

ಫ್ಲಾಶ್‌ನ ವಿಷಯದಲ್ಲಿ ಈ ಪ್ರಶ್ನೋತ್ತರ ನಡೆಯದು. ಉತ್ತರಿಸಬೇಕಾದ ನಿಯಂತ್ರಕವೇ ಕಂಪ್ಯೂಟರಿನಿಂದ ತೆಗೆದುಹಾಕಲ್ಪಟ್ಟಿರುತ್ತದೆ. ಆಗ ಕಡತದ ಒಡಲನ್ನೇ ಬಿಚ್ಚಬೇಕು. 2007ರಿಂದ ಈಚಿನ ಪವರ್‌ಪಾಯಿಂಟ್ ಕಡತವು ವಾಸ್ತವವಾಗಿ ಒಂದು ಜಿಪ್ ಗಂಟು. ಅದರಲ್ಲಿ 'ಮೀಡಿಯಾ' ಎಂಬ ಫೋಲ್ಡರಿನಲ್ಲಿ ಧ್ವನಿ ಮತ್ತು ವೀಡಿಯೋಗಳೂ, 'ಆಕ್ಟಿವ್‌ಎಕ್ಸ್' ಎಂಬುದರಲ್ಲಿ ನಿಯಂತ್ರಕಗಳೂ ಇರುತ್ತವೆ. ಡಿ27ಸಿಡಿಬಿ6ಇ ಎಂದು ಮೊದಲಾಗುವ ಗುರುತು ಕಂಡರೆ ಅದು ಫ್ಲಾಶ್‌ನದೆಂದು ನಿಸ್ಸಂಶಯವಾಗಿ ಹೇಳಬಹುದು. ಬಳಿಕ ನಿಯಂತ್ರಕದ ಬೈಟುಗಳಲ್ಲಿ ಎಫ್-ಡಬ್ಲ್ಯು-ಎಸ್, ಸಿ-ಡಬ್ಲ್ಯು-ಎಸ್ ಅಥವಾ ಜೆಡ್-ಡಬ್ಲ್ಯು-ಎಸ್ ಎಂಬ ಮೂರಕ್ಷರಗಳನ್ನು ಹುಡುಕಬೇಕು. ಮೊದಲನೆಯದು ಸಂಕುಚಿಸದ ಚಿತ್ರ, ಉಳಿದೆರಡು ಸಂಕುಚಿಸಿದವು. ಮೂರಕ್ಷರಗಳು ಆಕಸ್ಮಿಕವಾಗಿಯೂ ಒಟ್ಟಿಗೆ ಬರಬಹುದಾದುದರಿಂದ, ಮುಂದಿನ ಒಂದು ಬೈಟಿನಲ್ಲಿರುವ ಆವೃತ್ತಿಸಂಖ್ಯೆ, ಅದರ ಮುಂದಿನ ನಾಲ್ಕರಲ್ಲಿರುವ ಉದ್ದ ಇವೆರಡೂ ಸಂಭಾವ್ಯವೆನಿಸಿದರೆ ಮಾತ್ರ ಒಪ್ಪತಕ್ಕದ್ದು. ಶಾಸನದಲ್ಲಿ ಅರಸನ ಹೆಸರೊಂದನ್ನೇ ನೆಚ್ಚದೆ ಶಕವರ್ಷ, ತಿಥಿ, ವಾರಗಳನ್ನು ತಾಳೆನೋಡುವ ಅಭ್ಯಾಸ ನಮ್ಮವರಿಗೆ ಇರುವುದರಿಂದ ಈ ಎಚ್ಚರಿಕೆ ಹೊಸದೆನಿಸಲಾರದು. 2007ಕ್ಕೆ ಹಿಂದಿನ ಕಡತಗಳಲ್ಲಿ ಇಂಥ ವಸ್ತುವನ್ನೇ ಸಂಕುಚಿಸಿ ಇಟ್ಟಿರುವುದುಂಟು. ಅದನ್ನು ಹಿಗ್ಗಿಸಿದ ತರುವಾಯವೇ ಹುಡುಕಬೇಕು. ಹೀಗೆ ಹೊರತೆಗೆದ ಚಿತ್ರಗಳನ್ನು ರಫಲ್ ಎಂಬ ಉಚಿತ ತಂತ್ರಾಂಶದಲ್ಲಿ, ಎಲ್ಲವನ್ನೂ ಅಲ್ಲದಿದ್ದರೂ, ಓಡಿಸಿ ನೋಡಬಹುದು.

ನಮ್ಮ ಸಿ.ಡಿ.ಗಳ ಫಲಿತಾಂಶವನ್ನು ಹೇಳುವುದಾದರೆ, ಕಡತಗಳೊಳಗೆ ದೊರೆತ ಧ್ವನಿಗಳೆಲ್ಲ ಚಪ್ಪಾಳೆ, ಗಂಟೆ ಮುಂತಾದ ಅಲಂಕಾರದ ಸದ್ದುಗಳು. ಹಿರಿಯರ ಮಾತುಗಳೆಲ್ಲವೂ ಜೋಡಿಸಿದವು. ಇದು ನಿರಾಶೆಯ ಸಂಗತಿಯೇ. ಆದರೆ ವಿಳಾಸಗಳ ಪಟ್ಟಿಯನ್ನು ಪರಾಮರ್ಶಿಸಿದಾಗ, ಪ್ರತಿಯೊಂದು ವಿಳಾಸದಲ್ಲಿಯೂ ಊರಿನ ಹೆಸರು, ಇಸವಿ ಮತ್ತು ಕ್ಯಾಸೆಟ್ಟಿನ ಸಂಖ್ಯೆಗಳು ಫೋಲ್ಡರುಗಳ ಹೆಸರುಗಳಾಗಿ ಉಳಿದಿದ್ದುದು ಕಂಡುಬಂದಿತು. ಧ್ವನಿಗಳನ್ನು ಕ್ಯಾಸೆಟ್ಟಿನಿಂದ ಇಳಿಸಿಕೊಂಡಿದ್ದರೆಂಬುದೇ ನಮಗೆ ಅದುವರೆಗೆ ತಿಳಿದಿರಲಿಲ್ಲ. ಆ ಅಧ್ಯಾಪಕರ ಮನೆಗೆ ಪಟ್ಟಿಯನ್ನು ಕೊಂಡೊಯ್ದು ವಿಚಾರಿಸಲಾಗಿ, ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಕ್ಯಾಸೆಟ್ಟುಗಳು ಸಿಕ್ಕವು. ಸಂಖ್ಯೆಗಳನ್ನು ತಾಳೆ ನೋಡಿದಾಗ ಮೂರು ಇರಲಿಲ್ಲ; ಒಂದಕ್ಕೆ ಬೂಷ್ಟು ಹಿಡಿದು ಸುರುಳಿ ಅಂಟಿಕೊಂಡಿದೆ. ಉಳಿದವುಗಳನ್ನು ಈಗ ಹೊಸದಾಗಿ ಇಳಿಸಿಕೊಳ್ಳುತ್ತಿದ್ದೇವೆ. ಕಳೆದುಹೋದ ಮೂರರ ಊರು, ಇಸವಿಗಳನ್ನು ವಿಭಾಗದ ದಾಖಲೆಪುಸ್ತಕದಲ್ಲಿ ಪ್ರತ್ಯೇಕವಾಗಿ ನಮೂದಿಸಲಾಗಿದೆ.