ಚಕ್ರ ನೆಲ ಮುಟ್ಟಿದ ಮೇಲೆ ಬಿಗಿಸಿ

ಲಕ್ಕವಳ್ಳಿಯಿಂದ ತರೀಕೆರೆಗೆ ಹೊರಟ ಕಾರು ಹಂಪ್ ಇಳಿಯುವಾಗ ಮುಂದಿನ ಚಕ್ರದ ಕಡೆಯಿಂದ ‘ಟಕ್’ ಎಂದರೆ ಬೈಗುಳ ಬೀಳುವುದು ರಸ್ತೆಗೆ. ಅದರಲ್ಲಿ ಅನ್ಯಾಯವೇನೂ ಇಲ್ಲ. ಭದ್ರಾ ಜಲಾಶಯದ ಸುತ್ತಲಿನ ಊರುಗಳಲ್ಲಿ ಮುಂಗಾರು ಹಿಡಿಯಿತೆಂದರೆ ಡಾಂಬರಿನ ಅಂಚು ಕಿತ್ತು ಬರುತ್ತದೆ, ತೋಟದ ದಾರಿಗಳು ಕೆಸರಾಗುತ್ತವೆ. ಲಿಂಗದಹಳ್ಳಿ ದಾಟಿ ಕಲ್ಲತ್ತಿಗಿರಿಯ ಮೇಲೆ ಕೆಮ್ಮಣ್ಣುಗುಂಡಿಗೆ ಹತ್ತಿ ಇಳಿಯುವಾಗಲಂತೂ ತಿರುವು ತಿರುವಿಗೂ ಮುಂದಿನ ಚಕ್ರಗಳ ಮೇಲೆ ಭಾರ. ಆದರೂ ಆ ಸದ್ದಿಗೆಂದು ಹೊಸ ಬುಷ್ ಹಾಕಿಸಿ ವರ್ಷ ತುಂಬುವ ಮೊದಲೇ ಅದೇ ಸದ್ದು ಮತ್ತೆ ಶುರುವಾದರೆ ಪೂರ್ತಿ ತಪ್ಪನ್ನು ರಸ್ತೆಯ ತಲೆಗೆ ಕಟ್ಟುವಂತಿಲ್ಲ. ಹೊಸ ಬುಷ್ ಬೇಗ ಹಾಳಾಗುವುದಕ್ಕೆ ಅದನ್ನು ಬಿಗಿಸಿದ ರೀತಿಯೂ ಕಾರಣವಾಗಿರುತ್ತದೆ. ಆ ಒಂದು ಕೆಲಸವನ್ನು, ಅವಸರವಿಲ್ಲದ ಮನೆಯಂಗಳದಲ್ಲಿ, ಗ್ಯಾರೇಜಿಗಿಂತ ಚೆನ್ನಾಗಿಯೇ ಮಾಡಬಹುದು.

ಬುಷ್ ಎಂದರೆ ಒಂದರೊಳಗೊಂದು ಕೂತ ಎರಡು ಉಕ್ಕಿನ ಕೊಳವೆಗಳು, ನಡುವೆ ಎರಡಕ್ಕೂ ಅಂಟಿಕೊಂಡ ರಬ್ಬರು. ಹೊರಗಿನ ಕೊಳವೆ, ಚಕ್ರವನ್ನು ಫ್ರೇಮಿಗೆ ಜೋಡಿಸುವ ಲೋವರ್ ಆರ್ಮಿನ ಕಣ್ಣಿನಲ್ಲಿ ಬಿಗಿಯಾಗಿ ಕೂರುತ್ತದೆ. ಒಳಗಿನದನ್ನು ಬೋಲ್ಟು ಕಾರಿನ ಫ್ರೇಮಿಗೆ ಹಿಡಿದು ನಿಲ್ಲಿಸುತ್ತದೆ. ಆರ್ಮ್ ಮೇಲೆ ಕೆಳಗೆ ಆಡುವಾಗ ಲೋಹದ ಮೇಲೆ ಲೋಹ ಜಾರುವುದಿಲ್ಲ. ನಡುವಿನ ರಬ್ಬರು ತಿರುಚಿಕೊಂಡು ಮತ್ತೆ ಮೊದಲಿನಂತಾಗುತ್ತದೆ. ಹಳೆಯ ಜೀಪು, ಲಾರಿಗಳಲ್ಲಿ ಲೋಹದ ಬುಷ್‌ಗಳಿದ್ದು ಸರ್ವಿಸ್ ಮಾಡಿಸಿದಾಗಲೆಲ್ಲ ಗ್ರೀಸ್ ಹೊಡೆಯಬೇಕಿತ್ತು. ರಬ್ಬರಿನ ಬುಷ್ ಬಂದ ಮೇಲೆ ಆ ಗ್ರೀಸಿನ ಕಾಟ ತಪ್ಪಿತು. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಗಂಧಕ ಬೆರೆಸಿ ಕಾಯಿಸಿ ರಬ್ಬರನ್ನು ಗಟ್ಟಿ ಮಾಡುವ ದಾರಿ ಕಂಡುಕೊಳ್ಳದಿದ್ದರೆ ಇದು ಸಾಧ್ಯವಿರಲಿಲ್ಲ. ವಿಚಿತ್ರವೆಂದರೆ ಗ್ರೀಸ್ ಹೋದರೂ ಗ್ರೀಸಿನ ಅಭ್ಯಾಸ ಹೋಗಿಲ್ಲ. ಕಿರುಗುಟ್ಟುವ ಬುಷ್‌ಗೆ ಎಂಜಿನ್ ಆಯಿಲ್ ಬಿಡುವವರು ಈಗಲೂ ಇದ್ದಾರೆ. ಎರಡು ದಿನ ಸದ್ದು ನಿಲ್ಲುತ್ತದೆ, ಆಮೇಲೆ ಎಣ್ಣೆ ಕುಡಿದ ರಬ್ಬರು ಉಬ್ಬಿ ಮೆತ್ತಗಾಗುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಲೋವರ್ ಆರ್ಮ್ 30 ಸೆಂಟಿಮೀಟರ್ ಉದ್ದವಿದೆ, ಜಾಕಿ ಎತ್ತಿದಾಗ ಚಕ್ರ 8 ಸೆಂಟಿಮೀಟರ್ ಕೆಳಕ್ಕೆ ಜೋತುಬೀಳುತ್ತದೆ ಎಂದಿಟ್ಟುಕೊಳ್ಳಿ. ಆರ್ಮ್ ತಾನಿರಬೇಕಾದ ಜಾಗದಿಂದ ಸುಮಾರು 15 ಡಿಗ್ರಿ ಕೆಳಗೆ ವಾಲಿದಂತಾಯಿತು. ಆ ಸ್ಥಿತಿಯಲ್ಲೇ ಬೋಲ್ಟನ್ನು ಪೂರ್ತಿ ಬಿಗಿಸಿದರೆ ಒಳಗಿನ ಕೊಳವೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಕಾರನ್ನು ಇಳಿಸಿದ ಕೂಡಲೇ ರಬ್ಬರು 15 ಡಿಗ್ರಿ ತಿರುಚಿಕೊಂಡು ನಿಲ್ಲುತ್ತದೆ. ಕಾರು ಶೆಡ್ಡಿನಲ್ಲಿ ಸುಮ್ಮನೆ ನಿಂತಿದ್ದರೂ ಆ ಬುಷ್‌ಗೆ ಬಿಡುವಿಲ್ಲ. ಮುಂದೆ ಹಂಪ್ ಸಿಕ್ಕಿ ಆರ್ಮ್ ಇನ್ನೂ 10 ಡಿಗ್ರಿ ಮೇಲೆ ಹೋದರೆ, ಸರಿಯಾಗಿ ಬಿಗಿಸಿದ ಬುಷ್ 10 ಡಿಗ್ರಿ ತಿರುಚಿಕೊಳ್ಳುವಲ್ಲಿ ಇದು 25 ಡಿಗ್ರಿ ತಿರುಚಿಕೊಳ್ಳಬೇಕು. ರಬ್ಬರಿನ ಆಯುಸ್ಸು ತಿರುಚಿದಷ್ಟೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ಅದಕ್ಕಿಂತ ಬಹಳ ಬೇಗ ಇಳಿಯುತ್ತದೆ. ಕಾರಿನ ಭಾರ ಚಕ್ರದ ಮೇಲೆ ಬಿದ್ದ ನಂತರವೇ ಕೊನೆಯ ಬಿಗಿ ಕೊಡಬೇಕೆಂದು ತಯಾರಕರ ಸರ್ವಿಸ್ ಕೈಪಿಡಿಗಳು ಹೇಳುವುದು ಇದೇ ಕಾರಣಕ್ಕೆ. ಬೋಲ್ಟ್ ನೆಟ್ಟಗೆ ಮೇಲಿನಿಂದ ಕೆಳಕ್ಕೆ ಹೋಗುವ ಕೆಲವು ಹಿಂಬದಿ ಬುಷ್‌ಗಳಿಗೆ ಈ ನಿಯಮ ಅಷ್ಟು ಕಟ್ಟುನಿಟ್ಟಲ್ಲ; ಅಡ್ಡ ಬೋಲ್ಟಿನವಕ್ಕೆ ಮಾತ್ರ ರಿಯಾಯಿತಿ ಇಲ್ಲ.

ದಿನವೂ ಇದೇ ಕೆಲಸ ಮಾಡುವ ಮೆಕ್ಯಾನಿಕ್‌ಗೆ ಇಷ್ಟೂ ಗೊತ್ತಿರುವುದಿಲ್ಲವೇ ಎಂದು ಕೇಳಬಹುದು. ಬಹಳಷ್ಟು ಜನರಿಗೆ ಚೆನ್ನಾಗಿಯೇ ಗೊತ್ತು. ತೊಂದರೆ ಇರುವುದು ತಿಳಿವಳಿಕೆಯಲ್ಲಲ್ಲ, ಲಿಫ್ಟಿನಲ್ಲಿ. ಕಾರು ಲಿಫ್ಟ್ ಮೇಲಿರುವಾಗ ಚಕ್ರಗಳು ಜೋತುಬಿದ್ದಿರುತ್ತವೆ, ಬೋಲ್ಟು ಕಣ್ಣೆದುರೇ ಇರುತ್ತದೆ, ಬೋಲ್ಟ್ ಬಿಗಿಸುವ ಗನ್ ಕೈಯಲ್ಲೇ ಇರುತ್ತದೆ. ಕೆಳಗಿಳಿಸಿದರೆ ಬೋಲ್ಟಿಗೆ ಕೈ ಹೋಗುವುದು ಕಷ್ಟ. ಹೊರಗೆ ಇನ್ನೂ ನಾಲ್ಕು ಗಾಡಿ ಕಾಯುತ್ತಿದ್ದರೆ ಯಾರಾದರೂ ಮೇಲೆಯೇ ಬಿಗಿಸಿ ಮುಗಿಸುತ್ತಾರೆ. ಮನೆಯಲ್ಲಿ ಮಾಡುವವನಿಗೆ ಲಿಫ್ಟ್ ಇಲ್ಲ, ಗನ್ ಇಲ್ಲ, ಆದರೆ ಭಾನುವಾರವಿಡೀ ಇದೆ.

ಸದ್ದು ಬಂದ ಮಾತ್ರಕ್ಕೆ ಬುಷ್ಷೇ ಹೋಗಿದೆ ಎಂದುಕೊಳ್ಳುವುದೂ ತಪ್ಪು. ಲಿಂಕ್ ರಾಡ್, ಬಾಲ್ ಜಾಯಿಂಟ್, ಸ್ಟ್ರಟ್‌ನ ಮೇಲಿನ ಮೌಂಟ್ ಎಲ್ಲವೂ ಹೆಚ್ಚುಕಡಿಮೆ ಒಂದೇ ರೀತಿ ಸದ್ದು ಮಾಡುತ್ತವೆ. ಟಾರ್ಚ್ ಹಿಡಿದು ನೋಡಿದರೆ ರಬ್ಬರಿನ ಮೈಮೇಲೆ ಕೂದಲೆಳೆಯಂಥ ಬಿರುಕುಗಳು ಕಾಣಬಹುದು. ಹಳೆಯ ಕಾರುಗಳಲ್ಲಿ ಅದು ಸಾಮಾನ್ಯ, ಗಾಬರಿ ಬೇಡ. ಆರ್ಮಿಗೂ ಫ್ರೇಮಿಗೂ ನಡುವೆ ಸಣ್ಣ ಹಾರೆಯ ತುದಿ ಇಟ್ಟು ಮೆಲ್ಲಗೆ ಮೀಟಿದಾಗ ರಬ್ಬರು ಕೊಳವೆಯಿಂದ ಬಿಟ್ಟುಕೊಂಡು ಬಾಯಿ ತೆರೆದರೆ, ಒಳಗಿನ ಕೊಳವೆ ನಡುವಿನಿಂದ ಒಂದು ಪಕ್ಕಕ್ಕೆ ಸರಿದು ಕೂತಿದ್ದರೆ, ಅದರ ಕೆಲಸ ಮುಗಿಯಿತು. ಬ್ರೇಕ್ ಹಿಡಿದಾಗ ಕಾರು ಒಂದು ಕಡೆ ಎಳೆಯುವುದು, ಟೈರಿನ ಒಳಂಚು ಮಾತ್ರ ಸವೆಯುವುದು ಇದಕ್ಕೆ ಜೊತೆ ಸಾಕ್ಷಿ. ‘ಬರೀ ಸದ್ದು ತಾನೇ, ಓಡುತ್ತಿದೆಯಲ್ಲ’ ಎನ್ನುವವರಿಗೆ ಮಾರುತಿ 800 ಒಳ್ಳೆಯ ಉತ್ತರ. ಅದರಲ್ಲಿ ಲೋವರ್ ಆರ್ಮ್ ಮುಂದೆ ಹಿಂದೆ ಓಡದಂತೆ ಹಿಡಿಯುವುದು ಸ್ಟೆಬಿಲೈಸರ್ ಬಾರ್. ಅದರ ತುದಿಯ ಬುಷ್ ಹೋದರೆ ಬ್ರೇಕ್ ಒತ್ತಿದಾಗ ಚಕ್ರವೇ ಹಿಂದಕ್ಕೆ ಸರಿಯುತ್ತದೆ.

ಎಲ್ಲ ಬುಷ್‌ಗಳನ್ನೂ ಅಂಗಳದಲ್ಲೇ ಬದಲಿಸಬೇಕೆಂಬ ಹಟ ಬೇಡ. ಸ್ಟೆಬಿಲೈಸರ್ ಬಾರನ್ನು ಫ್ರೇಮಿಗೆ ಹಿಡಿದಿರುವ, ಪಕ್ಕದಲ್ಲಿ ಸೀಳಿರುವ ಬುಷ್ ಬಹಳಷ್ಟು ಕಾರುಗಳಲ್ಲಿ ಎರಡು ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತದೆ. ಮೊದಲ ಸಲ ಮಾಡುವವರು ಅದರಿಂದಲೇ ಶುರು ಮಾಡಲಿ. ಓಮ್ನಿ, ಬೊಲೆರೊಗಳ ಹಿಂದಿನ ಪಟ್ಟಿ ಸ್ಪ್ರಿಂಗಿನ ಶ್ಯಾಕಲ್ ಬುಷ್‌ಗಳೂ ತಾಳ್ಮೆ ಇದ್ದವರಿಗೆ ಒಗ್ಗುತ್ತವೆ. ಅಡಿಕೆ, ತೆಂಗಿನಕಾಯಿ ಮೂಟೆ ಹೊರುವ ಗಾಡಿಗಳಲ್ಲಿ ಮೊದಲು ಸೋಲುವುದೂ ಅವೇ. ಕಾಯಿಲ್ ಸ್ಪ್ರಿಂಗ್ ಲೋವರ್ ಆರ್ಮಿನ ಮೇಲೆಯೇ ಒತ್ತಿ ಕೂತಿರುವ ಗಾಡಿಯನ್ನು ಮಾತ್ರ ಮನೆಯಲ್ಲಿ ಮುಟ್ಟಬಾರದು. ಆರ್ಮ್ ಬಿಚ್ಚಿದೊಡನೆ ಆ ಸ್ಪ್ರಿಂಗ್ ಸಿಡಿದರೆ ಜೀವಕ್ಕೇ ಅಪಾಯ. ಉಳಿದ ಗಾಡಿಗಳಲ್ಲೂ ಬರೀ ಜಾಕಿ ನಂಬಿ ಕೆಳಗೆ ತಲೆ ಹಾಕುವಂತಿಲ್ಲ. ಮಳೆಗಾಲದ ಅಂಗಳದ ಮಣ್ಣಿನಲ್ಲಿ ಜಾಕಿ ಹೂತು ವಾಲುತ್ತದೆ, ಇಟ್ಟಿಗೆ ಮತ್ತು ಹಾಲೋ ಬ್ಲಾಕ್ ಭಾರಕ್ಕೆ ಒಮ್ಮೆಗೇ ಪುಡಿಯಾಗುತ್ತವೆ. ಸಿಮೆಂಟ್ ನೆಲ, ಎರಡು ಉಕ್ಕಿನ ಸ್ಟ್ಯಾಂಡ್, ಹಿಂದಿನ ಚಕ್ರಕ್ಕೆ ಅಡ್ಡಗಲ್ಲು, ಇವು ಇಲ್ಲದಿದ್ದರೆ ಕೆಲಸ ಶುರು ಮಾಡುವುದೇ ಬೇಡ.

ಒತ್ತುವ ಯಂತ್ರ, ಅಂದರೆ ಪ್ರೆಸ್, ಇಲ್ಲದೆ ಲೋವರ್ ಆರ್ಮಿನ ಬುಷ್ ತೆಗೆಯುವುದು ಹೇಗೆ ಎಂಬುದು ನ್ಯಾಯವಾದ ಪ್ರಶ್ನೆ. ಉದ್ದನೆಯ ಬೋಲ್ಟು, ದಪ್ಪ ವಾಷರ್, ಅಳತೆಗೆ ತಕ್ಕ ಪೈಪಿನ ತುಂಡು ಸೇರಿಸಿ ಎಳೆಯಬಹುದು. ಆದರೆ ತುಕ್ಕು ಹಿಡಿದು ಕಚ್ಚಿದ ಬುಷ್ ಅದಕ್ಕೆ ಬಗ್ಗುವುದಿಲ್ಲ. ಬೆಂಕಿ ಹಾಕಿ ರಬ್ಬರು ಸುಡುವ ಅಡ್ಡದಾರಿಯಲ್ಲಿ ಹೊಗೆಯೂ ಕೆಟ್ಟದ್ದು, ಆರ್ಮಿನ ಬಣ್ಣ ಸುಟ್ಟ ಕಡೆ ತುಕ್ಕೂ ಖಾತ್ರಿ. ಅದಕ್ಕಿಂತ ಆರ್ಮನ್ನು ಬಿಚ್ಚಿ ತರೀಕೆರೆ, ಭದ್ರಾವತಿ ಅಥವಾ ಶಿವಮೊಗ್ಗದಲ್ಲಿ ಪ್ರೆಸ್ ಇರುವ ಲೇತ್ ಅಂಗಡಿಗೆ ಒಯ್ಯುವುದು ಲೇಸು. ಹೀಗೆ ಮಾಡಿದರೆ ‘ಎಲ್ಲರೂ ಮನೆಯಲ್ಲೇ ಮಾಡಿಕೊಂಡರೆ ಗ್ಯಾರೇಜಿನವರು ಏನು ಮಾಡಬೇಕು’ ಎಂಬ ಆಕ್ಷೇಪಕ್ಕೂ ಹೆಚ್ಚು ತೂಕ ಉಳಿಯುವುದಿಲ್ಲ. ಯಂತ್ರ ಬೇಕಾದ ಕೆಲಸ ಯಂತ್ರವಿದ್ದವರಿಗೇ ಹೋಗುತ್ತದೆ. ಬಿಚ್ಚುವ ಮುಂಚೆ ಹಳೆಯ ಬುಷ್ ಕೂತಿದ್ದ ದಿಕ್ಕನ್ನು ಆರ್ಮಿನ ಮೇಲೆ ಗೀಟು ಹಾಕಿ ಗುರುತಿಸಿಕೊಳ್ಳಿ. ಕೆಲವು ಬುಷ್‌ಗಳ ರಬ್ಬರಿನಲ್ಲಿ ಬೇಕೆಂದೇ ಬಿಟ್ಟ ಸಂದುಗಳಿರುತ್ತವೆ. ಅವು ತಿರುಗಿ ಕೂತರೆ ಮೆತ್ತಗಿರಬೇಕಾದ ಕಡೆ ಗಟ್ಟಿ, ಗಟ್ಟಿ ಇರಬೇಕಾದ ಕಡೆ ಮೆತ್ತಗೆ. ಕೂರಿಸುವಾಗ ಜಾರಲು ಸೋಪಿನ ನೀರು ಸಾಕು. ಗಟ್ಟಿ ಎಂದು ಪಾಲಿಯುರೆಥೇನ್ ಬುಷ್ ಹಾಕುವವರಿದ್ದಾರೆ. ಅದು ಬಾಳಿಕೆ ಬರಬಹುದು, ಆದರೆ ರಸ್ತೆಯ ಪ್ರತಿ ಕಲ್ಲನ್ನೂ ಸ್ಟಿಯರಿಂಗಿಗೆ ವರದಿ ಮಾಡುತ್ತದೆ. ನಮ್ಮ ಕಡೆಯ ರಸ್ತೆಗೆ ರಬ್ಬರೇ ಮೇಲು.

ಇನ್ನು ಕೊನೆಯ ಬಿಗಿ. ಕಾರು ಎತ್ತುವ ಮೊದಲೇ, ಸಮ ನೆಲದಲ್ಲಿ, ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಟೇಪ್ ಹಿಡಿದು ಅಳತೆ ಬರೆದಿಡಬೇಕು. ಆರ್ಮ್ ಮರಳಿ ಜೋಡಿಸಿದ ಮೇಲೆ ಅಡ್ಡ ಬೋಲ್ಟನ್ನು ಆಡುವಷ್ಟೇ ಸಡಿಲ ಬಿಟ್ಟು, ಚಕ್ರ ಹಾಕಿ, ಮುಂದಿನ ಎರಡೂ ಚಕ್ರಗಳ ಕೆಳಗೆ ಅಗಲವಾದ ದಪ್ಪ ಹಲಗೆ ಇಟ್ಟು ಕಾರನ್ನು ಅದರ ಮೇಲೆ ಇಳಿಸಬೇಕು. ಬಾನೆಟ್ ಹತ್ತಿರ ನಾಲ್ಕಾರು ಸಲ ಒತ್ತಿ ಬಿಟ್ಟು ಕುಲುಕಿದರೆ ಸ್ಪ್ರಿಂಗ್ ತನ್ನ ಜಾಗಕ್ಕೆ ಬರುತ್ತದೆ. ಟೇಪಿನ ಅಳತೆ ಮೊದಲಿನದಕ್ಕೆ ಕೂಡಿಬಂದರೆ ಸ್ಟಿಯರಿಂಗನ್ನು ಒಂದು ಕಡೆ ಪೂರ್ತಿ ತಿರುಗಿಸಿ, ಹಾಗೆ ತೆರೆದುಕೊಂಡ ಸಂದಿಯಿಂದ ಕೈ ಹಾಕಿ, ಟಾರ್ಕ್ ರೆಂಚಿನಲ್ಲಿ ಆ ಮಾದರಿಯ ಕೈಪಿಡಿ ಹೇಳುವಷ್ಟೇ ಬಿಗಿಸುವುದು. ಬಾಲ್ ಜಾಯಿಂಟಿನ ನಟ್‌ಗೆ ಈ ಕಾಯುವಿಕೆ ಬೇಕಿಲ್ಲ, ಅದನ್ನು ಮೇಲಿದ್ದಾಗಲೇ ಬಿಗಿಸಬಹುದು. ಒಂದು ಕಡೆಯ ಬುಷ್ ಹೋಗಿದ್ದರೂ ಎರಡೂ ಕಡೆ ಹಾಕುವುದು ಒಳ್ಳೆಯದು, ಇಲ್ಲವಾದರೆ ಎಡಕ್ಕೊಂದು ಬಲಕ್ಕೊಂದು ನಡತೆ ಬರುತ್ತದೆ. ಲೋವರ್ ಆರ್ಮ್ ಬಿಚ್ಚಿ ಹಾಕಿದ ಮೇಲೆ ಚಕ್ರಗಳ ಅಲೈನ್‌ಮೆಂಟ್ ಒಮ್ಮೆ ತೋರಿಸಲೇಬೇಕು. ಅದನ್ನೂ ದಾರ ಕಟ್ಟಿ ಮನೆಯಲ್ಲೇ ನೋಡುವ ಉಪಾಯಗಳಿವೆ. ಆದರೆ ಅದು ತಪ್ಪಿದರೆ ಸವೆಯುವುದು ಟೈರು; ಹೊಸ ಟೈರಿನ ಬೆಲೆ ನೆನೆಸಿಕೊಂಡರೆ ಆ ಉಳಿತಾಯ ಬೇಡವೆನಿಸುತ್ತದೆ.