ಕಣ್ಣಿಗೆ ಬಿಟ್ಟದ್ದು ಗಂಟಲಿಗೆ

ಸುಗ್ಗಿ ಬಂತೆಂದರೆ ಮಂಡ್ಯ ಸೀಮೆಯಲ್ಲಿ ಟಾರು ರಸ್ತೆಯೇ ಕಣ. ರಾಗಿ, ಹುರುಳಿ ಹರಡಿಬಿಟ್ಟರೆ ಬಸ್ಸು ಲಾರಿಗಳೇ ತುಳಿದು ಒಕ್ಕಣೆ ಮಾಡುತ್ತವೆ. ಪಕ್ಕದಲ್ಲಿ ಮೊರ ಹಿಡಿದು ತೂರುವವರ ಮುಖಕ್ಕೇ ಗಾಳಿ ಸುಂಕನ್ನು ರಾಚುತ್ತದೆ. ಅದರ ಬೆನ್ನಿಗೇ ಪೇಟೆಯ ಕಣ್ಣಾಸ್ಪತ್ರೆಯ ಬೆಂಚುಗಳು ತುಂಬುತ್ತವೆ. ಭತ್ತದ ಸುಂಕು, ಕಬ್ಬಿನ ಗರಿ, ಹುಲ್ಲಿನ ಕಡ್ಡಿ. ಯಾರನ್ನು ಕೇಳಿದರೂ ಒಂದೇ ಮಾತು: "ಏನೋ ಬಿತ್ತು, ಉಜ್ಬುಟ್ಟೆ."

ಎಡಗಣ್ಣಿಗೆ ಸೆರಗು ಒತ್ತಿಕೊಂಡು ಬಂದ ಅಜ್ಜಿಯೊಬ್ಬರು ಕಣ್ಣು ನೋಡುವ ಸ್ಲಿಟ್ ಲ್ಯಾಂಪಿಗೆ ಗದ್ದ ಆನಿಸುತ್ತಾರೆ. ಡಾಕ್ಟರು ಕಿತ್ತಳೆ ಬಣ್ಣದ ಕಾಗದದ ಪಟ್ಟಿಯನ್ನು ಕೆಳರೆಪ್ಪೆಗೆ ಸೋಕಿಸಿ ನೀಲಿ ಬೆಳಕು ಬಿಡುತ್ತಾರೆ. ಮೇಲ್ಪದರ ಕಿತ್ತುಹೋದ ಜಾಗ ಹಸಿರಾಗಿ ಹೊಳೆಯುತ್ತದೆ. ಬಿಳಿ ಬೆಳಕಿನಲ್ಲಿ ನೋಡಿದರೆ ಅಲ್ಲೇ ಬೂದುಬಣ್ಣದ ಕಲೆ, ಅಂಚು ಎಳೆಎಳೆಯಾಗಿ ಹರಡಿದೆ. ಫ್ಯುಸೇರಿಯಂ ಶಿಲೀಂಧ್ರದ ಗುಮಾನಿ. ಮೊದಲು ನಂದಿಬಟ್ಟಲು ಹೂವಿನ ರಸ ಬಿಟ್ಟಿದ್ದಾರೆ, ಆಮೇಲೆ ಮೆಡಿಕಲ್ ಶಾಪಿನವನು ಕೊಟ್ಟ ಯಾವುದೋ ಹನಿ. ಅದರಲ್ಲಿ ಸ್ಟೀರಾಯ್ಡ್ ಇದ್ದಿದ್ದರೆ ಶಿಲೀಂಧ್ರಕ್ಕೆ ಹಬ್ಬ.

ಈಗ ಬರೆದುಕೊಟ್ಟದ್ದು ಶಿಲೀಂಧ್ರ ಕೊಲ್ಲುವ ನಾಟಾಮೈಸಿನ್, ಹಾಲಿನಂಥ ಬಿಳಿ ಮದ್ದು. ಗಂಟೆಗೊಂದು ಹನಿ. ಬಿಡುವವರು ಯಾರು? ಸೊಸೆ ಬೆಳಗ್ಗೆಯೇ ಗಾರ್ಮೆಂಟ್ಸಿಗೆ ಹೋಗುತ್ತಾಳೆ, ಮೊಮ್ಮಗನಿಗೆ ಸ್ಕೂಲು. ಸಾಲದ್ದಕ್ಕೆ ಅಜ್ಜಿಯದೊಂದು ತಕರಾರು: "ಕಣ್ಗೆ ಬುಟ್ರೆ ಗಂಟ್ಲಿಗೆ ಇಳೀತದಲ್ಲ ಡಾಕ್ಟ್ರೇ!"

ಅಜ್ಜಿಯ ದೂರಿನಲ್ಲಿ ಹುರುಳಿದೆ. ಒಂದು ಹನಿ ಸುಮಾರು 40 ಮೈಕ್ರೋಲೀಟರ್. ಕಣ್ಣಿನ ಮೇಲೆ ಸಾಮಾನ್ಯವಾಗಿ ನಿಲ್ಲುವ ಕಣ್ಣೀರು 7 ಮೈಕ್ರೋಲೀಟರ್ ಆಸುಪಾಸು. ಹೆಚ್ಚಾದದ್ದು ಕೆನ್ನೆಗೆ ಇಳಿಯುತ್ತದೆ, ಇಲ್ಲವೇ ಮೂಗಿನ ಬದಿಯ ಕೊಳವೆ ಹಿಡಿದು ಗಂಟಲಿಗೆ. ಕಣ್ಣಿನ ಒಳಗೆ ಸೇರುವ ಔಷಧ ನೂರಕ್ಕೆ ಐದು ಪಾಲೂ ಇಲ್ಲ. ಕಣ್ಣಿನ ಮುಂದಿನ ಪಾರದರ್ಶಕ ಪೊರೆ ಕಾರ್ನಿಯಾ ಅರ್ಧ ಮಿಲಿಮೀಟರಿನಷ್ಟು ತೆಳು, ಆದರೆ ದಾಟುವುದು ಸುಲಭವಲ್ಲ: ಮೇಲ್ಪದರ ಎಣ್ಣೆಗೆ ಒಗ್ಗುವಂಥದ್ದು, ನಡುಪದರ ನೀರಿಗೆ. ನಾಟಾಮೈಸಿನ್ ಅಣು ದೊಡ್ಡದು. ಅದನ್ನು ಒಳಗಿಳಿಸಲು ಡಾಕ್ಟರು ಕೆಲವೊಮ್ಮೆ ಮೇಲ್ಪದರವನ್ನೇ ಕೆರೆಯಬೇಕಾಗುತ್ತದೆ.

ನ್ಯಾನೋಕಣದವರು ಕೈ ಹಾಕಿರುವುದು ಇಲ್ಲಿಗೇ. ಸಿಗಡಿ, ಏಡಿಗಳ ಚಿಪ್ಪಿನಿಂದ ತೆಗೆದ ಕೈಟೋಸಾನ್ ಎಂಬ ವಸ್ತುವಿನಲ್ಲಿ ಮದ್ದನ್ನು ಸುತ್ತಿ, ಕೂದಲಿನ ದಪ್ಪದ ನೂರನೇ ಒಂದು ಪಾಲಿಗಿಂತ ಚಿಕ್ಕ ಕಣ ಮಾಡುತ್ತಾರೆ. ಕೈಟೋಸಾನಿಗೆ ಧನ ವಿದ್ಯುದಂಶ, ಕಣ್ಣಿನ ಲೋಳೆಪೊರೆಗೆ ಋಣ. ಹೊಲದ ಬದುವಿನ ಉತ್ತರಾಣಿ ಸೀರೆಯಂಚಿಗೆ ಕಚ್ಚಿಕೊಳ್ಳುವಂತೆ ಕಣ ಅಲ್ಲೇ ಅಂಟಿ ಕೂತು, ಮದ್ದನ್ನು ಸ್ವಲ್ಪಸ್ವಲ್ಪವೇ ಬಿಡುತ್ತದೆ. ನಾಟಾಮೈಸಿನ್ನನ್ನೇ ಹೀಗೆ ಸುತ್ತಿ ಮೊಲದ ಕಣ್ಣಿನಲ್ಲಿ ಪರೀಕ್ಷಿಸಿಯೂ ಆಗಿದೆ. ಔಷಧ ಹೆಚ್ಚು ಹೊತ್ತು ಉಳಿಯಿತು. ಗಂಟೆಗೊಂದು ಹನಿ ಐದಾರು ಗಂಟೆಗೊಂದಾದರೂ ಸಾಕು, ಸೊಸೆ ಕೆಲಸಕ್ಕೆ ಹೋಗುವ ಮೊದಲೊಮ್ಮೆ, ಬಂದ ಮೇಲೊಮ್ಮೆ ಬಿಟ್ಟರೆ ನಡುವೆ ಉಳಿಯುವುದು ಒಂದೇ ಹನಿ. ಈ ವಿದ್ಯೆಯನ್ನು ನಾನು ಅಳೆಯುವುದು ಅದರಿಂದಲೇ.

ಆದರೆ ಮಾರುಕಟ್ಟೆಯ ಅಳತೆಗೋಲು ಬೇರೆ. 2018ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟ ನ್ಯಾನೋ ಹನಿಗಳಲ್ಲಿ ಒಂದು ಶಸ್ತ್ರಚಿಕಿತ್ಸೆಯ ನಂತರದ ಊತಕ್ಕೆ, ಇನ್ನೊಂದು ಒಣಗಣ್ಣಿಗೆ. ಏಸಿ ಕೋಣೆಯಲ್ಲಿ ಕಂಪ್ಯೂಟರ್ ನೋಡಿ ಉರಿಯುವ ಕಣ್ಣಿಗೆ ವರ್ಷವಿಡೀ ಗಿರಾಕಿ ಉಂಟು, ದುಡ್ಡೂ ಉಂಟು. ಸುಂಕು ಬಿದ್ದ ಕಣ್ಣು ಸುಗ್ಗಿಯದು, ಬಡವರದು. ಅದಕ್ಕೆ ಹಣ ಹೂಡುವ ಅವಸರ ಯಾವ ಕಂಪನಿಗೆ?

ಅಜ್ಜಿಗೆ ನರ್ಸಮ್ಮ ಹೇಳಿಕೊಡುತ್ತಿದ್ದಾರೆ. ಸೋಪು ಹಾಕಿ ಕೈ ತೊಳೆಯಬೇಕು, ಒಂದೇ ಹನಿ, ಆಮೇಲೆ ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನು ಬೆರಳಲ್ಲಿ ಮೆಲ್ಲಗೆ ಅದುಮಿ ಹಿಡಿಯಬೇಕು. ಕೊಳವೆ ಮುಚ್ಚಿದರೆ ಮದ್ದು ಅಷ್ಟು ಬೇಗ ಗಂಟಲಿಗೆ ಇಳಿಯದು. "ಗುಡ್ಡೆ ಮೇಲೆ ಒತ್ತಬೇಡಿ ಅಜ್ಜಿ, ಇಲ್ಲಿ, ಮೂಳೆ ಹತ್ರ."

"ಎಷ್ಟೊತ್ತವ್ವ?"

"ಎರಡು ನಿಮಿಷ."

"ಬಸ್ಸು ಹೊಂಟೋಯ್ತದಲ್ಲವ್ವ," ಎನ್ನುತ್ತಲೇ ಅಜ್ಜಿ ಬೆರಳಿಡುತ್ತಾರೆ.