ಕೂಲರ್ ಬದಲಿಸುವ ಮುನ್ನ ಗಾಳಿಯ ದಾರಿ ನೋಡಿ

ಪ್ರಶ್ನೆ: ಒಮಾನಿನ ಬುರೈಮಿಯಲ್ಲಿದ್ದೇನೆ. ಗೇಮ್ ಶುರುವಾದ ಸ್ವಲ್ಪ ಹೊತ್ತಿಗೇ ಗ್ರಾಫಿಕ್ಸ್ ಕಾರ್ಡ್ ಕಾದು ಫ್ಯಾನ್ ಅಬ್ಬರಿಸುತ್ತದೆ. ಕೂಲರ್ ಬದಲಿಸಲೇ?

ಉತ್ತರ: ಮೊದಲು ಕೇಸಿನ ಪಕ್ಕದ ಮುಚ್ಚಳ ತೆಗೆದು ಅದೇ ಗೇಮ್ ಆಡಿ ನೋಡಿ. ಕಾರ್ಡಿನ ಬಿಸಿ ಚೆನ್ನಾಗಿ ಇಳಿದರೆ ದೋಷ ಕೂಲರಿನದಲ್ಲ, ಒಳಗೆ ಗಾಳಿ ಆಡುತ್ತಿಲ್ಲ. ಯಾವ ಫ್ಯಾನೂ ಒಳಬರುವ ಗಾಳಿಗಿಂತ ಕಾರ್ಡನ್ನು ತಂಪಾಗಿಸಲಾರದು. ಕೋಣೆಯ ಬಿಸಿ ಹತ್ತು ಡಿಗ್ರಿ ಏರಿದರೆ ಕಾರ್ಡಿನದೂ ಹೆಚ್ಚುಕಮ್ಮಿ ಅಷ್ಟೇ ಏರುತ್ತದೆ. ಬೇಸಿಗೆಯಲ್ಲಿ 45 ಡಿಗ್ರಿ ದಾಟುವ ನಿಮ್ಮೂರಲ್ಲಿ ಎ.ಸಿ. ಆರಿಸಿ ಆಡಲೇಬೇಡಿ.

ಇನ್ನು ಮರುಭೂಮಿಯ ಧೂಳು. ಹೀಟ್‌ಸಿಂಕಿನ ತೆಳು ತಗಡುಗಳ ನಡುವೆ ಅದು ಕಂಬಳಿಯಂತೆ ಕೂರುತ್ತದೆ. ಊದಿ ತೆಗೆಯುವಾಗ ಫ್ಯಾನನ್ನು ಬೆರಳಿನಿಂದ ಹಿಡಿದುಕೊಳ್ಳಿ, ಗಿರ್ರನೆ ತಿರುಗಿದರೆ ಬೇರಿಂಗ್ ಹಾಳಾದೀತು. ಮುಂದೆ ಜಾಲರಿ ಫಿಲ್ಟರ್ ಹಾಕಿದ ಎರಡು ಫ್ಯಾನ್ ಗಾಳಿ ಎಳೆಯಲಿ, ಹಿಂದೆ ಒಂದು ಹೊರಹಾಕಲಿ. ಒಳಗಿನ ಒತ್ತಡ ತುಸು ಹೆಚ್ಚಿದ್ದರೆ ಸಂದುಗಳಿಂದ ಧೂಳು ನುಗ್ಗುವುದು ಕಡಿಮೆ.

ಇಷ್ಟಾದ ಮೇಲೂ ಬಿಸಿ ಇಳಿಯದಿದ್ದರೆ ಹಳೆಯ ಥರ್ಮಲ್ ಪೇಸ್ಟ್ ಒಣಗಿರಬಹುದು, ಅದನ್ನು ಬದಲಿಸಿ. ಹೊಸ ಕೂಲರ್ ಕೊನೆಯ ಮಾತು: ನಿಮ್ಮ ಕಾರ್ಡಿನ ಸ್ಕ್ರೂ ತೂತುಗಳಿಗೆ ಅದು ಹೊಂದಲೇಬೇಕು. ಮೆಮೊರಿ ಮೇಲಿನ ಪ್ಯಾಡ್ ಅರ್ಧ ಮಿಲಿಮೀಟರ್ ದಪ್ಪಗಾದರೂ ಕೂಲರ್ ಚಿಪ್ಪಿಗೆ ಸರಿಯಾಗಿ ತಾಗದೆ, ಬಿಸಿ ಮೊದಲಿಗಿಂತ ಹೆಚ್ಚಬಹುದು.